ವಸಡಿನಲ್ಲಿ ರಕ್ತ ಬರುತ್ತಿದೆಯಾ? ವಸಡಿನ ಕಾಯಿಲೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಲ್ಲು ಹುಳುಕಾದರೆ ನೋವು ಬರುತ್ತದೆ, ನೋವು ಬಂದರೆ ಎಂಥವರೂ ಡಾಕ್ಟರ್ ಹತ್ತಿರ ಓಡುತ್ತಾರೆ. ವಸಡಿನ ಕಾಯಿಲೆ ಹಾಗಲ್ಲ. ವರ್ಷಗಟ್ಟಲೆ ಒಳಗೊಳಗೇ ಮೂಳೆ ಕರಗುತ್ತಿರುತ್ತದೆ, ನೋವಿರುವುದಿಲ್ಲ, ಕೊನೆಗೆ ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲು ಅಲ್ಲಾಡುವುದು ಗೊತ್ತಾಗುತ್ತದೆ. ಅಷ್ಟರಲ್ಲಿ ಅರ್ಧ ಕೈ ಮೀರಿರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಮೊದಲನೆಯದನ್ನು ಮಾತ್ರ ಎಲ್ಲರೂ ಓದಿ.

ಬ್ರಷ್ ಮಾಡುವಾಗ ರಕ್ತ ಬರುತ್ತೆ. ಉಷ್ಣಕ್ಕಾ, ಜೋರಾಗಿ ಉಜ್ಜಿದ್ದಕ್ಕಾ?

ಬಹುಪಾಲು ಸಲ ಎರಡೂ ಅಲ್ಲ. ವಸಡು ಊದಿಕೊಂಡಿದೆ, ಅದಕ್ಕೇ ರಕ್ತ ಬರುತ್ತಿದೆ. ಆರೋಗ್ಯವಾಗಿರುವ ವಸಡಿಗೆ ಮೆತ್ತನೆಯ ಬ್ರಷ್ ತಾಗಿದರೆ ರಕ್ತ ಬರುವುದಿಲ್ಲ. ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಕೊಳೆ ನಿಂತಿದೆ, ಅದರಲ್ಲಿರುವ ಬ್ಯಾಕ್ಟೀರಿಯಾ ಜೊತೆ ದೇಹ ಹೋರಾಡುತ್ತಿದೆ, ಹಾಗಾಗಿ ಆ ಜಾಗಕ್ಕೆ ರಕ್ತ ಜಾಸ್ತಿ ಹರಿದು ಬಂದು ವಸಡು ಕೆಂಪಗೆ, ಮೆತ್ತಗೆ ಆಗಿದೆ. ಸ್ವಲ್ಪ ತಾಗಿದರೂ ಸಾಕು, ಒಸರುತ್ತದೆ. ಎಳನೀರು, ಮಜ್ಜಿಗೆ ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಅಂಚಿನಲ್ಲಿ ಕೂತ ಕೊಳೆ ಅದರಿಂದ ಏಳುವುದಿಲ್ಲ.

ಇಲ್ಲಿಯೇ ಹೆಚ್ಚಿನವರು ಎಡವುವುದು. ರಕ್ತ ನೋಡಿ ಹೆದರುತ್ತಾರೆ. "ಗಾಯ ಆಗಿದೆ, ವಾಸಿ ಆಗಲಿ" ಅಂತ ಆ ಜಾಗವನ್ನು ಬಿಟ್ಟು ಉಳಿದದ್ದನ್ನು ಉಜ್ಜುತ್ತಾರೆ. ಅಲ್ಲಿ ಕೊಳೆ ಇನ್ನೂ ಕಟ್ಟುತ್ತದೆ, ಊತ ಇನ್ನೂ ಏರುತ್ತದೆ, ಮುಂದಿನ ವಾರ ಇನ್ನೂ ಜಾಸ್ತಿ ರಕ್ತ, ಇನ್ನೂ ಜಾಸ್ತಿ ಭಯ. ದಯವಿಟ್ಟು ಹಾಗೆ ಮಾಡಬೇಡಿ. ರಕ್ತ ಬರುವ ಜಾಗವೇ ಸ್ವಚ್ಛ ಆಗಬೇಕಾದ ಜಾಗ. ಮೆತ್ತನೆಯ ಬ್ರಷ್ ಹಿಡಿದು, ಒತ್ತದೆ, ಅಲ್ಲೇ ಇನ್ನೂ ಸ್ವಲ್ಪ ಹೊತ್ತು ಉಜ್ಜಿ.

ಇದು ಸುಮ್ನೆ ಹೇಳುವ ಮಾತಲ್ಲ. 1965ರಲ್ಲಿ ಡೆನ್ಮಾರ್ಕ್‌ನ ಆರ್ಹುಸ್ ಊರಿನ ದಂತ ಕಾಲೇಜಿನಲ್ಲಿ ಹೆರಾಲ್ಡ್ ಲೋಯ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಚೆನ್ನಾಗಿಯೇ ಇದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ಅಂತ ಹೇಳಿದರು. 10ರಿಂದ 21 ದಿನಗಳ ಒಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿ ಹೋಯಿತು. ಮದ್ದಿಲ್ಲ, ಮಾತ್ರೆಯಿಲ್ಲ. ಕೊಳೆ ತೆಗೆದದ್ದಷ್ಟೇ. ನಿಮ್ಮ ವಿಷಯದಲ್ಲೂ ಹಾಗೇ ಆಗುವ ಸಾಧ್ಯತೆ ಜಾಸ್ತಿ. ಎರಡು ವಾರ ಸರಿಯಾಗಿ ಉಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ ಒಳಗೆ ಕಿಟ್ಟ, ಅಂದರೆ ಗಟ್ಟಿಯಾಗಿ ಅಂಟಿದ ಕೊಳೆ, ಕಟ್ಟಿದೆ ಅಥವಾ ಬೇರೆ ಕಾರಣ ಇದೆ ಅಂತ ಅರ್ಥ. ಆಗ ಡಾಕ್ಟರ್‌ಗೆ ತೋರಿಸಿ.

ವಸಡು ಊದುವುದು, ಪಯೋರಿಯಾ, ಪೆರಿಯೊಡಾಂಟೈಟಿಸ್: ಎಲ್ಲ ಒಂದೇನಾ?

ಒಂದೇ ದಾರಿಯ ಎರಡು ಊರು ಅನ್ನಿ. ಮೊದಲನೆಯದು ಜಿಂಜಿವೈಟಿಸ್, ಅಂದರೆ ಬರೀ ವಸಡಿನ ಊತ. ಕೆಂಪಗಾಗುತ್ತದೆ, ರಕ್ತ ಬರುತ್ತದೆ, ಆದರೆ ಹಲ್ಲನ್ನು ಹಿಡಿದಿರುವ ಮೂಳೆಗೆ ಏನೂ ಆಗಿರುವುದಿಲ್ಲ. ಇದು ಪೂರ್ತಿ ವಾಸಿ ಆಗುತ್ತದೆ. ಎರಡನೆಯದು ಪೆರಿಯೊಡಾಂಟೈಟಿಸ್, ನಮ್ಮ ಹಿರಿಯರು ಪಯೋರಿಯಾ ಅನ್ನುತ್ತಿದ್ದದ್ದು ಇದನ್ನೇ. ಊತ ಕೆಳಗಿಳಿದು ಹಲ್ಲಿನ ಬೇರು ಮತ್ತು ಮೂಳೆಯನ್ನು ಹಿಡಿದಿಟ್ಟಿರುವ ನಾರುಗಳು ಬಿಟ್ಟುಕೊಳ್ಳುತ್ತವೆ, ಮೂಳೆ ಕರಗುತ್ತದೆ, ಹಲ್ಲಿನ ಸುತ್ತ ಸಂದು ಆಳವಾಗುತ್ತದೆ. ಹೀಗೆ ಹೋದ ಮೂಳೆ ತಾನಾಗಿ ಮರಳುವುದಿಲ್ಲ.

ಜಿಂಜಿವೈಟಿಸ್ ಆದವರಿಗೆಲ್ಲ ಪೆರಿಯೊಡಾಂಟೈಟಿಸ್ ಆಗುತ್ತದೆ ಅಂತಲ್ಲ. ಆದರೆ ಮೊದಲನೆಯದನ್ನು ದಾಟದೆ ಎರಡನೆಯದು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಲೆಕ್ಕದಲ್ಲಿ ಪ್ರಪಂಚದಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ತೀವ್ರ ವಸಡಿನ ಕಾಯಿಲೆ ಇದೆ. ನಿಮಗೊಬ್ಬರಿಗೇ ಬಂದದ್ದಲ್ಲ, ನಾಚಿಕೊಳ್ಳುವಂಥದ್ದೂ ಅಲ್ಲ.

ಹಲ್ಲಿಗೆ ಕಿಟ್ಟ ಕಟ್ಟೋದು ಬೋರ್‌ವೆಲ್ ನೀರಿಂದಾನಾ?

ಅಲ್ಲ. ಕಿಟ್ಟಕ್ಕೆ ಬೇಕಾದ ಕ್ಯಾಲ್ಸಿಯಂ, ಫಾಸ್ಫೇಟ್ ಬರುವುದು ನಿಮ್ಮ ಎಂಜಲಿನಿಂದಲೇ. ಹಲ್ಲಿನ ಮೇಲೆ ದಿನಾ ಒಂದು ಮೆತ್ತನೆಯ ಪದರ ಕಟ್ಟುತ್ತದೆ, ನಾಲಿಗೆಯಿಂದ ಸವರಿದರೆ ಲೋಳೆಲೋಳೆ ಅನಿಸುತ್ತದಲ್ವಾ, ಅದೇ. ಅದನ್ನು ತೆಗೆಯದೆ ಬಿಟ್ಟರೆ ಎಂಜಲಿನ ಖನಿಜ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಒಮ್ಮೆ ಗಟ್ಟಿಯಾದರೆ ಯಾವ ಬ್ರಷ್‌ಗೂ ಏಳುವುದಿಲ್ಲ.

ಕನ್ನಡಿ ಮುಂದೆ ನಿಂತು ಬಾಯಿ ತೆಗೆದು ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ನಾಲಿಗೆಯ ಕಡೆ ನೋಡಿ. ಹಳದಿಯೋ ಕಂದೋ ಬಣ್ಣದ, ಗಾರೆ ಮೆತ್ತಿದಂತಿರುವ ಪಟ್ಟಿ ಕಂಡರೆ ಅದೇ ಕಿಟ್ಟ. ಅಲ್ಲೇ ಯಾಕೆ ಮೊದಲು? ನಾಲಿಗೆಯ ಕೆಳಗೆ ಎಂಜಲಿನ ಗ್ರಂಥಿಗಳು ಬಾಯಿಗೆ ತೆರೆದುಕೊಳ್ಳುವುದು ಅಲ್ಲೇ ಪಕ್ಕದಲ್ಲಿ. ಕೆನ್ನೆಯ ಕಡೆ ಮೇಲಿನ ದವಡೆ ಹಲ್ಲಿನ ಎದುರಿಗೆ ಇನ್ನೊಂದು ಗ್ರಂಥಿಯ ಬಾಯಿ ಇದೆ, ಅಲ್ಲೂ ಹೀಗೇ.

ಬೋರ್ ನೀರು ಹಲ್ಲಿಗೆ ಮಾಡುವ ತೊಂದರೆ ಬೇರೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಲ್ಲಿ ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ, ಕಂದು ಕಲೆ ಕಾಣುತ್ತದೆ. ಅದು ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿದ ಕಲೆ, ಕಿಟ್ಟ ಅಲ್ಲ. ಉಜ್ಜಿ ಉಜ್ಜಿ ತೆಗೆಯಲು ಹೋಗಿ ಹಲ್ಲು ಸವೆಸಿಕೊಳ್ಳಬೇಡಿ.

ನೋವಿಲ್ಲ ಅಂದ್ರೆ ಕಾಯಿಲೆ ಇದೆ ಅಂತ ಹೇಗೆ ಗೊತ್ತಾಗುತ್ತೆ?

ರಕ್ತ ಬರುವುದು ಮೊದಲ ಗುರುತು. ಬೆಳಿಗ್ಗೆ ಉಗಿದಾಗ ಎಂಜಲು ಕೆಂಪಗಿರುವುದು, ಸೀಬೆಹಣ್ಣು ಕಚ್ಚಿದಾಗ ಹಣ್ಣಿನ ಮೇಲೆ ರಕ್ತದ ಗುರುತು ಕಾಣುವುದು. ಆಮೇಲೆ ಬಾಯಿ ವಾಸನೆ, ಎಷ್ಟು ಉಜ್ಜಿದರೂ ಹೋಗದ್ದು. ವಸಡು ಕೆಳಗಿಳಿದು ಹಲ್ಲು ಉದ್ದ ಆದಂತೆ ಕಾಣುವುದು. ಮೊದಲು ಇಲ್ಲದ ಸಂದು ಮುಂದಿನ ಹಲ್ಲುಗಳ ನಡುವೆ ಬಿಟ್ಟುಕೊಳ್ಳುವುದು. ವಸಡು ಒತ್ತಿದರೆ ಕೀವು. ಅಗಿಯುವಾಗ ಹಲ್ಲು ಅಲುಗುವುದು ಕೊನೆಯ ಹಂತಗಳಲ್ಲಿ.

ಇವೆಲ್ಲ ಕಾಣುವ ಮೊದಲೇ ಹಿಡಿಯುವ ದಾರಿ ಒಂದಿದೆ, ಸಂದಿನ ಆಳ ಅಳೆಯುವುದು. ತುದಿ ಮೊಂಡಾದ, ಮಿಲಿಮೀಟರ್ ಗೆರೆ ಹಾಕಿದ ತೆಳ್ಳನೆಯ ಕಡ್ಡಿಯನ್ನು ಡಾಕ್ಟರ್ ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸುತ್ತಾರೆ. ಒಂದು ಹಲ್ಲಿಗೆ ಆರು ಕಡೆ. ಪಕ್ಕದಲ್ಲಿ ನಿಂತವರು ಬರೆದುಕೊಳ್ಳಲಿ ಅಂತ ಅಂಕಿ ಹೇಳುತ್ತಾ ಹೋಗುತ್ತಾರೆ: ಮೂರು, ಎರಡು, ಮೂರು, ಐದು, ನಾಲ್ಕು, ಆರು. ಕುರ್ಚಿಯಲ್ಲಿ ಮಲಗಿರುವಾಗ ಆ ಅಂಕಿಗಳನ್ನು ನೀವೂ ಕೇಳಿಸಿಕೊಳ್ಳಿ. 1ರಿಂದ 3 ಮಿ.ಮೀ. ಇದ್ದು ರಕ್ತ ಬರದಿದ್ದರೆ ಚೆನ್ನಾಗಿದೆ. 4, 5 ಬಂದರೆ ಗಮನ ಬೇಕು. 6 ದಾಟಿದರೆ ಅಲ್ಲಿ ಬ್ರಷ್ ತಲುಪುವ ಮಾತೇ ಇಲ್ಲ. ಮೂಳೆ ಎಷ್ಟು ಹೋಗಿದೆ ಅಂತ ನೋಡಲು ಎಕ್ಸ್‌ರೇ ಬೇಕಾಗುತ್ತದೆ. ಬರೀ ಕನ್ನಡಿಯಲ್ಲಿ ಒಮ್ಮೆ ಇಣುಕಿ "ವಸಡು ಚೆನ್ನಾಗಿದೆ" ಅಂದರೆ, "ಸಂದಿನ ಆಳ ಅಳೆದು ನೋಡ್ತೀರಾ" ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತಂತೆ, ಸಂದು ಬೀಳುತ್ತಂತೆ, ನಿಜಾನಾ?

ಈ ಮಾತಿಗೆ ಹೆದರಿ ಹಲ್ಲು ಕಳೆದುಕೊಂಡವರು ತುಂಬಾ ಜನ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹತ್ತು ವರ್ಷದಿಂದ ಕಿಟ್ಟ ಕಟ್ಟಿದೆ ಅಂದುಕೊಳ್ಳಿ. ಕಿಟ್ಟ ಇದ್ದಲ್ಲಿ ವಸಡು ಊದಿ ಹಿಂದೆ ಸರಿದಿದೆ, ಕೆಳಗಿನ ಮೂಳೆ ಕರಗಿದೆ. ಹಾಗೆ ಖಾಲಿಯಾದ ಜಾಗವನ್ನೆಲ್ಲ ಕಿಟ್ಟವೇ ತುಂಬಿಕೊಂಡಿದೆ. ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವೆ ಕಿಟ್ಟದ ಸೇತುವೆ ಬಿದ್ದು, ಅಲ್ಲಾಡುವ ಹಲ್ಲುಗಳು ಒಂದಕ್ಕೊಂದು ಅಂಟಿ ನಿಂತಿವೆ. ಈಗ ಅದನ್ನು ತೆಗೆದರೆ ಸಂದು ಕಾಣುತ್ತದೆ, ಅಲುಗುವುದು ಗೊತ್ತಾಗುತ್ತದೆ. ಸಂದು ಮಾಡಿದ್ದು ಕ್ಲೀನಿಂಗ್ ಅಲ್ಲ, ಕಾಯಿಲೆ. ಕ್ಲೀನಿಂಗ್ ಅದನ್ನು ಬಯಲಿಗೆ ತಂದಿತು ಅಷ್ಟೇ. ಅದನ್ನು ಹಾಗೇ ಬಿಟ್ಟಿದ್ದರೆ ಆ ಹಲ್ಲು ಇನ್ನೊಂದಷ್ಟು ವರ್ಷಕ್ಕೆ ಕಿಟ್ಟದ ಸಮೇತ ಕೈಗೆ ಬರುತ್ತಿತ್ತು.

ಕ್ಲೀನಿಂಗ್ ಯಂತ್ರದಿಂದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಹೋಗುತ್ತದೆ ಅನ್ನುವ ಭಯವೂ ಇದೆ. ಯಂತ್ರದ ತುದಿ ಸೆಕೆಂಡಿಗೆ ಸಾವಿರಾರು ಸಲ ಕಂಪಿಸಿ ಕಿಟ್ಟವನ್ನು ಒಡೆಯುತ್ತದೆ, ಬಿಸಿಯಾಗದಂತೆ ನೀರು ಚಿಮ್ಮುತ್ತಿರುತ್ತದೆ. ಸರಿಯಾಗಿ ಹಿಡಿದು ಮಾಡಿದರೆ ಹಲ್ಲಿಗೆ ಪೆಟ್ಟಿಲ್ಲ. ಮಾಡಿಸಿದ ಕೆಲವು ದಿನ ಜುಮ್ ಅನ್ನುತ್ತದೆ, ತಣ್ಣೀರು ಕುಡಿದಾಗ ಹೆಚ್ಚು. ಕಿಟ್ಟದ ಕೆಳಗೆ ಮುಚ್ಚಿದ್ದ ಬೇರು ಹೊರಗೆ ಬಂದದ್ದರಿಂದ ಹಾಗೆ. ಸೆನ್ಸಿಟಿವಿಟಿಗೆ ಅಂತ ಬರುವ ಪೇಸ್ಟ್ ಬಳಸಿದರೆ ಹೆಚ್ಚಿನವರಿಗೆ ಕಡಿಮೆ ಆಗುತ್ತದೆ.

ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು? ವಸಡು ಚೆನ್ನಾಗಿರುವವರಿಗೆ ವರ್ಷಕ್ಕೊಮ್ಮೆ ತೋರಿಸಿದರೂ ಸಾಕಾಗಬಹುದು. ಒಮ್ಮೆ ಮೂಳೆ ಕಳೆದುಕೊಂಡವರಿಗೆ ಮೂರು, ನಾಲ್ಕು ತಿಂಗಳಿಗೊಮ್ಮೆ ಬೇಕಾಗುತ್ತದೆ.

ಹಾಗಾದರೆ ಸರಿಯಾಗಿ ಉಜ್ಜುವುದು ಹೇಗೆ?

ಜನ ಉಜ್ಜುವುದು ಹಲ್ಲನ್ನು. ಕಾಯಿಲೆ ಶುರುವಾಗುವುದು ಹಲ್ಲು ವಸಡು ಸೇರುವ ಅಂಚಿನಲ್ಲಿ. ಬ್ರಷ್ ತಲುಪಬೇಕಾದದ್ದು ಅಲ್ಲಿಗೆ.

'ಸಾಫ್ಟ್' ಅಂತ ಬರೆದಿರುವ, ಚಿಕ್ಕ ತಲೆಯ ಬ್ರಷ್ ತಗೊಳ್ಳಿ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಜಾಹೀರಾತಿನಲ್ಲಿ ತೋರಿಸುವಷ್ಟು ಬೇಡ. ಬ್ರಷ್‌ನ ಎಳೆಗಳು ವಸಡಿನ ಕಡೆಗೆ ಓರೆಯಾಗಿರಲಿ, ಸುಮಾರು 45 ಡಿಗ್ರಿ. ಅಂದರೆ ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ಎಳೆ ವಸಡಿನ ಅಂಚಿನ ಮೇಲೆ. ಹಾಗೇ ಇಟ್ಟು ಜಾಗ ಬಿಡದೆ ಸಣ್ಣಗೆ ನಡುಗಿಸಿ, ಹತ್ತು ಸಲದಷ್ಟು. ಆಮೇಲೆ ಕಚ್ಚುವ ತುದಿಯ ಕಡೆಗೆ ಎಳೆದು ಮುಂದಿನ ಎರಡು ಹಲ್ಲಿಗೆ ಹೋಗಿ. ಹೊರಬದಿ ಮುಗಿದ ಮೇಲೆ ಒಳಬದಿ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ ಅಡ್ಡ ಹಿಡಿದರೆ ಆಗುವುದಿಲ್ಲ, ನೆಟ್ಟಗೆ ನಿಲ್ಲಿಸಿ ತುದಿಯ ಎಳೆಗಳಿಂದ ಉಜ್ಜಬೇಕು. ಹೆಚ್ಚಿನವರು ಬಿಟ್ಟುಬಿಡುವ ಜಾಗ ಇದೇ, ಕಿಟ್ಟ ಮೊದಲು ಕಟ್ಟುವ ಜಾಗವೂ ಇದೇ.

ಎರಡು ನಿಮಿಷ, ದಿನಕ್ಕೆ ಎರಡು ಸಲ. ಒಂದೇ ಸಲ ಆಗುವುದು ಅಂತಿದ್ದರೆ ರಾತ್ರಿ ಮಲಗುವ ಮುಂಚಿನದನ್ನು ತಪ್ಪಿಸಬೇಡಿ. ನಿದ್ದೆಯಲ್ಲಿ ಎಂಜಲು ಕಡಿಮೆ, ಬ್ಯಾಕ್ಟೀರಿಯಾಕ್ಕೆ ಅದೇ ಒಳ್ಳೆಯ ಹೊತ್ತು. ನಮ್ಮಲ್ಲಿ ಬೆಳಿಗ್ಗೆ ಹಲ್ಲುಜ್ಜದೆ ಕಾಫಿ ಮುಟ್ಟದವರು ಎಷ್ಟೋ ಜನ ಇದ್ದಾರೆ, ರಾತ್ರಿ ಊಟ ಆದ ಮೇಲೆ ಬರೀ ಬಾಯಿ ಮುಕ್ಕಳಿಸಿ ಮಲಗುತ್ತಾರೆ.

ಇನ್ನು ಹಲ್ಲು ಹಲ್ಲಿನ ನಡುವಿನ ಸಂದು. ಬ್ರಷ್ ಅಲ್ಲಿಗೆ ಹೋಗುವುದೇ ಇಲ್ಲ. ವಸಡಿನ ಕಾಯಿಲೆ ಬಹಳ ಸಲ ಶುರುವಾಗುವುದು ಅಲ್ಲೇ. ಸಂದು ಬಿಗಿ ಇದ್ದರೆ ಫ್ಲಾಸ್ ದಾರ, ಸ್ವಲ್ಪ ಅಗಲ ಇದ್ದರೆ ಇಂಟರ್‌ಡೆಂಟಲ್ ಬ್ರಷ್, ಬಾಟಲಿ ತೊಳೆಯುವ ಬ್ರಷ್ಷಿನ ಪುಟಾಣಿ ರೂಪ ಅದು. ಈಗಾಗಲೇ ವಸಡು ಇಳಿದವರಿಗೆ ಈ ಬ್ರಷ್ ದಾರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅಳತೆ ಬೇರೆ ಬೇರೆ ಇರುತ್ತದೆ, ಯಾವುದು ನಿಮ್ಮದು ಅಂತ ಒಮ್ಮೆ ಕೇಳಿಕೊಳ್ಳಿ. ಊಟ ಆದ ಮೇಲೆ ಕಡ್ಡಿ, ಪಿನ್ನು, ಪೊರಕೆ ಕಡ್ಡಿ ಹಾಕಿ ಚುಚ್ಚುವುದನ್ನು ಮಾತ್ರ ಬಿಡಿ. ಒಂದೇ ಸಂದಿನಲ್ಲಿ ದಿನಾ ಊಟ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಏನೋ ತೊಂದರೆ ಇದೆ, ಅದನ್ನು ತೋರಿಸಿ.

ಬೇವಿನ ಕಡ್ಡಿ, ಇದ್ದಿಲು, ಉಪ್ಪು, ಮಾವಿನ ಎಲೆ? ಅಜ್ಜ ಅದರಲ್ಲೇ ಉಜ್ಜಿ ಎಂಬತ್ತು ವರ್ಷ ಹಲ್ಲು ಉಳಿಸಿಕೊಂಡಿದ್ದರು.

ನಿಮ್ಮ ಅಜ್ಜನ ಮಾತು ಸುಳ್ಳಲ್ಲ. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು, ತುದಿ ನಾರು ನಾರಾದ ಮೇಲೆ ನಿಧಾನವಾಗಿ ಪ್ರತಿ ಹಲ್ಲಿಗೂ ಸಮಯ ಕೊಟ್ಟು ಉಜ್ಜಿದರೆ ಕೊಳೆ ಹೋಗುತ್ತದೆ. ಅವರು ಹೊಲದ ದಾರಿಯಲ್ಲಿ ಅರ್ಧ ಗಂಟೆ ಉಜ್ಜುತ್ತಿದ್ದರು, ನಾವು ಬಸ್ಸಿನ ಗಡಿಬಿಡಿಯಲ್ಲಿ ಅರ್ಧ ನಿಮಿಷ. ಕಡ್ಡಿಗೆ ಎರಡು ಮಿತಿ ಇದೆ: ಹಿಂದಿನ ಹಲ್ಲುಗಳ ಒಳಬದಿಗೆ ತಲುಪುವುದು ಕಷ್ಟ, ಮತ್ತು ಹುಳುಕು ತಡೆಯುವ ಫ್ಲೋರೈಡ್ ಅದರಲ್ಲಿಲ್ಲ. ಇಷ್ಟ ಇದ್ದರೆ ಬೆಳಿಗ್ಗೆ ಕಡ್ಡಿ, ರಾತ್ರಿ ಬ್ರಷ್ ಪೇಸ್ಟ್ ಮಾಡಿ. ಕರಾವಳಿಯ ಮಾವಿನ ಎಲೆಯಿಂದ ಹಲ್ಲಿನ ಮೇಲ್ಮೈ ಸ್ವಚ್ಛ ಆಗುತ್ತದೆ, ಸಂದಿಗೆ ಹೋಗುವುದಿಲ್ಲ.

ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು ಹಾಕಿ ತಿಕ್ಕುವುದು ಬೇಡವೇ ಬೇಡ. ಒರಟು ಪುಡಿ ಎನಾಮಲ್ ಸವೆಸುತ್ತದೆ, ವಸಡನ್ನು ಕೆಳಗೆ ತಳ್ಳುತ್ತದೆ. ಈಗ ಅದೇ ಇದ್ದಿಲನ್ನು ಚಂದದ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ, ಡಬ್ಬಿ ಬದಲಾಗಿದೆ ಅಂತ ಇದ್ದಿಲು ಮೆತ್ತಗಾಗುವುದಿಲ್ಲ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸುವುದು ಒಳ್ಳೆಯದು, ಊದಿದ ವಸಡಿಗೆ ಹಿತ ಅನಿಸುತ್ತದೆ. ತಂಬಾಕು ಪುಡಿಯಿಂದ ಹಲ್ಲುಜ್ಜುವವರು ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಸಿಗುತ್ತಾರೆ, ಮಿಶ್ರಿ ಅನ್ನುತ್ತಾರೆ. ಹಲ್ಲಿನ ಪುಡಿ, ಪೇಸ್ಟುಗಳಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ನಿಮ್ಮ ಮನೆಯ ಹಿರಿಯರು ಬಳಸುತ್ತಿದ್ದರೆ ಬೈಯದೆ, ಕೂತು ಮಾತಾಡಿ ಬಿಡಿಸಿ. ಅದು ಹಲ್ಲುಜ್ಜುವ ಅಭ್ಯಾಸ ಅಲ್ಲ, ತಂಬಾಕಿನ ಚಟ, ಹಾಗಾಗಿ ಬಿಡುವುದು ಸುಲಭ ಇರುವುದಿಲ್ಲ.

ಮೌತ್‌ವಾಶ್ ಹಾಕಿ ಮುಕ್ಕಳಿಸಿದರೆ ಸಾಕಾಗಲ್ವಾ?

ನೀರಿನ ತೊಟ್ಟಿಯ ಗೋಡೆಗೆ ಲೋಳೆ ಕಟ್ಟಿರುತ್ತದೆ ನೋಡಿ, ಕೊಡಗಟ್ಟಲೆ ನೀರು ಸುರಿದರೂ ಅದು ಹೋಗುವುದಿಲ್ಲ, ಕೈ ಹಾಕಿ ಉಜ್ಜಬೇಕು. ಹಲ್ಲಿನ ಕೊಳೆಯೂ ಅಂಥದ್ದೇ ಲೋಳೆ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ಮೇಲೊಂದು ಪದರ ಹೊದ್ದು ಕೂತಿರುತ್ತವೆ, ಔಷಧಿ ಒಳಗಿಳಿಯುವುದಿಲ್ಲ.

ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಒಳ್ಳೆಯ ಔಷಧಿಯೇ. ಕ್ಲೀನಿಂಗ್ ಆದ ಮೇಲೆ, ಆಪರೇಷನ್ ಆಗಿ ಬ್ರಷ್ ಮಾಡಲಾಗದಾಗ ಡಾಕ್ಟರ್ ಬರೆದುಕೊಡುತ್ತಾರೆ. ಅವರು ಹೇಳಿದಷ್ಟು ದಿನ ಮಾತ್ರ, ಸಾಮಾನ್ಯವಾಗಿ ಒಂದೆರಡು ವಾರ. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಕಟ್ಟುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಬಳಸಬೇಡಿ. ಪೇಸ್ಟಿನ ನೊರೆಯ ಅಂಶ ಇದರ ಶಕ್ತಿ ತಗ್ಗಿಸುತ್ತದೆ, ಅರ್ಧ ಗಂಟೆ ಬಿಡಿ.

ಊಟ ಆದ ಮೇಲೆ ಎಲೆ ಅಡಿಕೆ ಹಾಕ್ತೀನಿ, ತಂಬಾಕು ಇಲ್ಲ. ಅದರಿಂದೇನು?

ನಮ್ಮ ಮದುವೆ, ಮುಂಜಿ, ಊಟ ಯಾವುದೂ ತಾಂಬೂಲ ಇಲ್ಲದೆ ಮುಗಿಯುವುದಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳ ಅನ್ನ ಅಡಿಕೆ ತೋಟದಿಂದ ಬರುತ್ತದೆ. ಹಾಗಾಗಿ ಇದನ್ನು ಬರೆಯುವಾಗ ಮನಸ್ಸಿಗೆ ಕಷ್ಟ ಆಗುತ್ತದೆ, ಆದರೂ ಮುಚ್ಚಿಡುವುದು ಸರಿಯಲ್ಲ. ದಿನಾ ಹಾಕುವವರಲ್ಲಿ ಸುಣ್ಣ ವಸಡನ್ನು ಸುಡುತ್ತದೆ, ಅಡಿಕೆ ಹಲ್ಲು ಸವೆಸುತ್ತದೆ, ಕೆಂಪು ಕಿಟ್ಟ ಒರಟಾಗಿ ಕಟ್ಟಿ ಅದರ ಮೇಲೆ ಇನ್ನಷ್ಟು ಕೊಳೆ ಕೂರುತ್ತದೆ. ಬಾಯಿ ತೆರೆಯಲು ಬಿಗಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ಮುಖ್ಯ ಕಾರಣ ಅಡಿಕೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಸೇರದ ಎಲೆ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಬ್ಬ ಹರಿದಿನಕ್ಕೆ ಒಂದು ವೀಳ್ಯ ಬೇರೆ, ದವಡೆಯಲ್ಲಿ ದಿನವಿಡೀ ಒತ್ತರಿಸಿಕೊಂಡಿರುವುದು ಬೇರೆ.

ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಇಡುವವರಲ್ಲಿ ಇಡುವ ಜಾಗದ ವಸಡೇ ಮೊದಲು ಇಳಿಯುತ್ತದೆ, ಆ ಒಂದು ಕಡೆ ಬೇರು ಬಯಲಾಗಿ ಕಾಣುತ್ತದೆ. ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲೇ ನಿಷೇಧಿಸಿದ್ದಾರೆ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ತಗೊಂಡು ಜನ ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾರೆ.

ಬೀಡಿ, ಸಿಗರೇಟಿನದ್ದು ಇನ್ನೂ ಮೋಸದ ಕತೆ. ತಂಬಾಕು ವಸಡಿಗೆ ಬರುವ ರಕ್ತದ ಹರಿವನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ. ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಮೂಳೆ ಮಾತ್ರ ಬೇರೆಯವರಿಗಿಂತ ವೇಗವಾಗಿ ಹೋಗುತ್ತಿರುತ್ತದೆ. ಇರುವ ಒಂದೇ ಎಚ್ಚರಿಕೆಯನ್ನೂ ಅದು ಬಾಯಿ ಮುಚ್ಚಿಸಿಬಿಡುತ್ತದೆ. ಸೇದುವವರು ರಕ್ತ ಬರಲಿ ಅಂತ ಕಾಯಬೇಡಿ, ಹೋಗಿ ವಸಡಿನ ಸಂದಿನ ಆಳ ಅಳೆಸಿ. ಬಿಟ್ಟ ಮೇಲೆ ಕೆಲವು ವಾರ ರಕ್ತ ಜಾಸ್ತಿ ಬಂದರೆ ಗಾಬರಿ ಬೇಡ. ರಕ್ತದ ಓಟ ಮರಳಿದೆ ಅಂತ ಅರ್ಥ.

ನನಗೆ ಶುಗರ್ ಇದೆ. ಶುಗರ್‌ಗೂ ವಸಡಿಗೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ, ಅದೂ ಎರಡೂ ಕಡೆಯಿಂದ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಸೋಂಕಿನ ವಿರುದ್ಧ ದೇಹದ ಕಾವಲು ದುರ್ಬಲ, ಗಾಯ ಮಾಯುವುದು ನಿಧಾನ, ಊತ ಜಾಸ್ತಿ. ಹಾಗಾಗಿ ಮೂಳೆ ಬೇಗ ಹೋಗುತ್ತದೆ, ಪದೇ ಪದೇ ಕೀವಿನ ಗುಳ್ಳೆ ಏಳುತ್ತದೆ. ಇನ್ನೊಂದು ಕಡೆಯಿಂದ, ವಸಡಿನ ಊತ ದೇಹದಲ್ಲಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಶುಗರ್ ಇಳಿಯುವುದು ಕಷ್ಟ ಆಗುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರ್ ಮಟ್ಟ ತೋರಿಸುವ ರಕ್ತ ಪರೀಕ್ಷೆಯ ಅಂಕಿ) ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಸಣ್ಣ ಅಂಕಿ ಅನಿಸಬಹುದು. ಇನ್ನೊಂದು ಮಾತ್ರೆ ಸೇರಿಸಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಅದು ಸಣ್ಣದಲ್ಲ.

ಶುಗರ್ ಇರುವವರು ಕಣ್ಣು ತೋರಿಸುತ್ತಾರೆ, ಕಾಲು ತೋರಿಸುತ್ತಾರೆ. ಅದರ ಜೊತೆ ವಸಡನ್ನೂ ಸೇರಿಸಿ. ಕ್ಲೀನಿಂಗ್‌ಗೆ ಹೋಗುವ ದಿನ ತಿಂಡಿ, ಮಾತ್ರೆ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಶುಗರ್ ತೀರಾ ಇಳಿದರೆ ಕುರ್ಚಿಯಲ್ಲೇ ತಲೆ ಸುತ್ತುತ್ತದೆ.

ಹೃದಯಕ್ಕೂ ತೊಂದರೆ ಅಂತಾರಲ್ಲ?

ವಸಡಿನ ಕಾಯಿಲೆ ಇರುವವರಲ್ಲಿ ಹೃದಯದ ತೊಂದರೆ ಹೆಚ್ಚು ಕಂಡಿದೆ, ಅಷ್ಟು ನಿಜ. ಒಂದು ಇನ್ನೊಂದಕ್ಕೆ ನೇರ ಕಾರಣ ಅಂತ ಹೇಳುವಷ್ಟು ಪುರಾವೆ ಇಲ್ಲ. ಆದರೆ ಕೃತಕ ಹೃದಯ ಕವಾಟ ಇರುವವರು, ಹಿಂದೆ ಹೃದಯದ ಒಳಪದರಕ್ಕೆ ಸೋಂಕಾಗಿದ್ದವರು ಕ್ಲೀನಿಂಗ್‌ಗೆ ಮುಂಚೆ ಅದನ್ನು ಡಾಕ್ಟರ್‌ಗೆ ಹೇಳಲೇಬೇಕು, ಮೊದಲೇ ಆಂಟಿಬಯೋಟಿಕ್ ಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರೂ ಹೇಳಿ, ಆದರೆ ನೀವಾಗಿಯೇ ಅದನ್ನು ನಿಲ್ಲಿಸಬೇಡಿ.

ಬಸುರಿಯಾದ ಮೇಲೆ ವಸಡು ಊದಿಕೊಂಡಿದೆ. ಹೆರಿಗೆ ಆಗುವವರೆಗೆ ಕಾಯಬೇಕಾ?

ಕಾಯಬೇಡಿ. ಹಾರ್ಮೋನ್ ಏರುಪೇರಿನಿಂದ ಅಷ್ಟೇ ಕೊಳೆಗೆ ಈಗ ವಸಡು ಜಾಸ್ತಿ ಊದುತ್ತದೆ. ಕೆಲವರಿಗೆ ಒಂದು ಜಾಗದಲ್ಲಿ ಕೆಂಪು ಗಡ್ಡೆಯಂತೆ ಬೆಳೆಯುವುದೂ ಉಂಟು, ಅದು ಕ್ಯಾನ್ಸರ್ ಅಲ್ಲ, ಹೆರಿಗೆ ನಂತರ ಬಹುಪಾಲು ತಾನಾಗಿ ಕುಗ್ಗುತ್ತದೆ. ಕ್ಲೀನಿಂಗ್ ಬಸಿರಿನಲ್ಲಿ ಸುರಕ್ಷಿತ. ನಾಲ್ಕರಿಂದ ಆರನೇ ತಿಂಗಳು ಮಲಗಿ ಮಾಡಿಸಿಕೊಳ್ಳಲು ಹೆಚ್ಚು ಆರಾಮ. ವಾಂತಿ ಆದ ಕೂಡಲೇ ಬ್ರಷ್ ಮಾಡದೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಬಾಣಂತನದಲ್ಲಿ ಹಲ್ಲುಜ್ಜಬಾರದು ಅಂತ ಕೆಲವು ಮನೆಗಳಲ್ಲಿ ಹೇಳುತ್ತಾರೆ. ಅದನ್ನು ಪಾಲಿಸಬೇಡಿ.

ಬಿಪಿ ಮಾತ್ರೆ ಶುರು ಮಾಡಿದ ಮೇಲೆ ವಸಡು ದಪ್ಪ ಆಗಿದೆ.

ಆಗಬಹುದು. ಅಮ್ಲೋಡಿಪಿನ್, ನಿಫೆಡಿಪಿನ್‌ನಂಥ ಬಿಪಿ ಮಾತ್ರೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಿಡ್ನಿ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೆಲವರಲ್ಲಿ ವಸಡು ಬೆಳೆಸುತ್ತವೆ. ಬರೆದುಕೊಟ್ಟ ಡಾಕ್ಟರ್‌ಗೆ ತಿಳಿಸಿ, ಬೇರೆ ಮಾತ್ರೆಗೆ ಬದಲಾಯಿಸಬಹುದಾ ಅಂತ ಅವರು ನೋಡುತ್ತಾರೆ. ಕೊಳೆ ಕಡಿಮೆ ಇದ್ದಷ್ಟೂ ಈ ಬೆಳವಣಿಗೆ ಕಡಿಮೆ.

ಅಪ್ಪನಿಗೂ ನಲವತ್ತೈದಕ್ಕೇ ಹಲ್ಲು ಬಿದ್ದಿತ್ತು. ನನ್ನ ಹಣೆಬರಹವೂ ಅಷ್ಟೇನಾ?

ವಂಶದಿಂದ ಬರುವುದು ಸ್ವಲ್ಪ ಇದೆ. ಶ್ರೀಲಂಕಾದ ಚಹಾ ತೋಟಗಳಲ್ಲಿ ಕೆಲಸ ಮಾಡುತ್ತಿದ್ದ 480 ತಮಿಳು ಕಾರ್ಮಿಕರನ್ನು 1970ರಿಂದ 15 ವರ್ಷ ಗಮನಿಸಿದ ಅಧ್ಯಯನವೊಂದಿದೆ, ಅದನ್ನು ನಡೆಸಿದ್ದೂ ಮೇಲೆ ಹೇಳಿದ ಲೋಯ ಅವರ ತಂಡವೇ. ಅವರಿಗೆ ಹಲ್ಲುಜ್ಜುವ ಅಭ್ಯಾಸವೂ ಇರಲಿಲ್ಲ, ಹಲ್ಲಿನ ಡಾಕ್ಟರ್ ಸಿಗುತ್ತಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಕೊಳೆ, ಕಿಟ್ಟ ತುಂಬಿತ್ತು. ಆದರೂ ಸುಮಾರು ನೂರಕ್ಕೆ 8 ಜನರಿಗೆ ಕಾಯಿಲೆ ಬಹಳ ವೇಗವಾಗಿ ಏರಿತು, 81 ಜನರಿಗೆ ಮಧ್ಯಮ ವೇಗದಲ್ಲಿ, 11 ಜನರಿಗೆ ಬರೀ ವಸಡಿನ ಊತದಲ್ಲೇ ನಿಂತಿತು. ದೇಹ ದೇಹಕ್ಕೆ ಅಷ್ಟು ವ್ಯತ್ಯಾಸ. ನೀವು ಯಾವ ಗುಂಪು ಅಂತ ಮೊದಲೇ ತಿಳಿಯುವ ದಾರಿ ಇಲ್ಲ. ಹೆತ್ತವರಿಗೆ ಬೇಗ ಹಲ್ಲು ಹೋಗಿದ್ದರೆ ಮೂವತ್ತರ ಮುಂಚೆಯೇ ಒಮ್ಮೆ ವಸಡಿನ ಸಂದಿನ ಆಳ ಅಳೆಸಿಕೊಳ್ಳಿ. ವೇಗದ ಗುಂಪಿನವರಾದರೂ ಕೊಳೆ ಇಲ್ಲದಿದ್ದರೆ ಕಾಯಿಲೆಗೆ ನೆಲೆ ಸಿಗುವುದು ಕಷ್ಟ.

ಈಗಾಗಲೇ ಮೂಳೆ ಹೋಗಿದೆ ಅಂದಿದ್ದಾರೆ. ಏನು ಚಿಕಿತ್ಸೆ?

ಮೊದಲು ಡೀಪ್ ಕ್ಲೀನಿಂಗ್. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿಗೆ ಅಂಟಿದ ಕಿಟ್ಟ ತೆಗೆಯುತ್ತಾರೆ. ಎರಡು ಮೂರು ತಿಂಗಳಲ್ಲಿ ಮತ್ತೆ ಸಂದಿನ ಆಳ ಅಳೆಯುತ್ತಾರೆ. ಊತ ಇಳಿದು ವಸಡು ಬಿಗಿಯಾದರೆ ಐದು ಮಿ.ಮೀ. ಇದ್ದದ್ದು ಮೂರಕ್ಕೆ ಬರುವುದು ಸಾಮಾನ್ಯ. ಆಳ ಇಳಿಯದ ಕಡೆ ಫ್ಲ್ಯಾಪ್ ಸರ್ಜರಿ, ಅಂದರೆ ವಸಡನ್ನು ಸ್ವಲ್ಪ ಬಿಡಿಸಿ ಕಣ್ಣಾರೆ ನೋಡಿ ಸ್ವಚ್ಛ ಮಾಡಿ ಹೊಲಿಗೆ ಹಾಕುವುದು. ಮೂಳೆ ಗುಂಡಿಯಂತೆ ಕರಗಿದ ಕೆಲವು ಕಡೆ ಮಾತ್ರ ಮೂಳೆ ಪುಡಿ ತುಂಬಿ ಒಂದಿಷ್ಟು ಮರಳಿ ಪಡೆಯಬಹುದು. ಮಿಕ್ಕಂತೆ ಗುರಿ ಇಷ್ಟೇ, ಉಳಿದ ಮೂಳೆ ಉಳಿಯಬೇಕು. ಅರ್ಧ ಮೂಳೆ ಉಳಿದ ಹಲ್ಲು ಚೆನ್ನಾಗಿ ನೋಡಿಕೊಂಡರೆ ಇನ್ನೂ ಹತ್ತಾರು ವರ್ಷ ಕೆಲಸ ಮಾಡಬಲ್ಲದು.

ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ತಗೊಂಡು ಕೀವು ನಿಂತಿತು ಅಂತ ಸುಮ್ಮನಾಗುವವರಿದ್ದಾರೆ. ಕಿಟ್ಟ ಅಲ್ಲೇ ಇದೆ, ಮಾತ್ರೆ ಮುಗಿದ ಮೇಲೆ ಎಲ್ಲ ಮರಳುತ್ತದೆ. ವಸಡಿನದ್ದೇ ಓದಿದವರು ಪೆರಿಯೊಡಾಂಟಿಸ್ಟ್, ಬಿಡಿಎಸ್ ಆದ ಮೇಲೆ ಮೂರು ವರ್ಷ ಎಂಡಿಎಸ್ ಮಾಡಿದವರು. ಹಲ್ಲು ಕೀಳಿಸಿ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸೋಣ ಅಂತ ಯಾರಾದರೂ ಅವಸರ ಮಾಡಿದರೆ ಮೊದಲು ಇವರ ಮಾತು ಕೇಳಿ. ಇಂಪ್ಲಾಂಟ್ ಸುತ್ತಲೂ ಇದೇ ಕಾಯಿಲೆ ಬರುತ್ತದೆ.

ದುಡ್ಡಿಲ್ಲ. ಎಲ್ಲಿ ತೋರಿಸೋದು?

ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವಿಭಾಗ ಇರುತ್ತದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ, ಬಳ್ಳಾರಿಯಲ್ಲೂ ಇದೆ. ಮಂಗಳೂರು, ಮಣಿಪಾಲ, ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿಯ ಖಾಸಗಿ ದಂತ ಕಾಲೇಜುಗಳಲ್ಲೂ ಹೊರಗಿನ ಕ್ಲಿನಿಕ್‌ಗಿಂತ ಖರ್ಚು ಬಹಳ ಕಡಿಮೆ. ವಿದ್ಯಾರ್ಥಿಗಳು ಮಾಡುತ್ತಾರೆ ಅಂತ ಹಿಂಜರಿಯಬೇಡಿ, ಪಕ್ಕದಲ್ಲಿ ಪ್ರೊಫೆಸರ್ ನೋಡುತ್ತಿರುತ್ತಾರೆ. ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ, ಒಂದು ದಿನ ಬಿಡುವು ಮಾಡಿಕೊಂಡು ಹೋಗಿ. ಆಗಸ್ಟ್ 1 ದೇಶದಲ್ಲಿ ಬಾಯಿ ಸ್ವಚ್ಛತೆಯ ದಿನ, ಆ ಹೊತ್ತಿಗೆ ಅನೇಕ ಕಾಲೇಜುಗಳು ಉಚಿತ ಶಿಬಿರ ನಡೆಸುತ್ತವೆ.

ಯಾವಾಗ ಒಂದು ದಿನವೂ ಕಾಯಬಾರದು?

ಮುಖ ಅಥವಾ ಗಂಟಲು ಊದಿ ಜ್ವರ ಬಂದರೆ, ನುಂಗಲು, ಉಸಿರಾಡಲು ಕಷ್ಟ ಆದರೆ ನೇರ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಜ್ವರ ಬಂದು, ಅಥವಾ ಜ್ವರ ಬಿಡುವ ಹೊತ್ತಿಗೆ, ಇದ್ದಕ್ಕಿದ್ದಂತೆ ವಸಡಿನಲ್ಲಿ ರಕ್ತ ಬಂದರೆ ಅದು ಡೆಂಗ್ಯೂ ಇರಬಹುದು. ಹಲ್ಲಿನ ಡಾಕ್ಟರ್ ಬೇಡ, ರಕ್ತ ಪರೀಕ್ಷೆ ಬೇಕು, ಅವತ್ತೇ. ಉಜ್ಜದೆ ಇದ್ದಾಗಲೂ ತಾನಾಗಿ ರಕ್ತ ಸುರಿಯುವುದು, ಮೈ ಮೇಲೆ ಕಾರಣವಿಲ್ಲದೆ ನೀಲಿ ಕಲೆ, ವಿಪರೀತ ಸುಸ್ತು ಒಟ್ಟಿಗೆ ಬಂದರೂ ತಡ ಮಾಡಬೇಡಿ, ರಕ್ತದ ಕಾಯಿಲೆಗಳು ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದು ವಸಡಿನಲ್ಲೇ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಅದರಲ್ಲೂ ತಂಬಾಕು, ಅಡಿಕೆ ಅಭ್ಯಾಸ ಇರುವವರು, ಅದು ನೋಯದಿದ್ದರೂ ಹೋಗಿ ತೋರಿಸಿ.